ಶುಲ್ಕದ ರಸೀದಿಯಲ್ಲಿ ಒಂದು ಹಸಿರು ಸಾಲು

ಕಾಲೇಜಿನ ಪ್ರವೇಶ ಮುಗಿಸಿಕೊಂಡು ಬಂದ ಮಕ್ಕಳ ಕೈಯಲ್ಲಿರುವ ಶುಲ್ಕದ ರಸೀದಿಯನ್ನು ಎಷ್ಟು ಮಂದಿ ಪಾಲಕರು ಪೂರ್ತಿಯಾಗಿ ಓದುತ್ತಾರೆ? ಕೆಳಗಿನ ಒಟ್ಟು ಮೊತ್ತವನ್ನು ನೋಡಿ, ಒಂದು ನಿಟ್ಟುಸಿರು ಬಿಟ್ಟು, ಬೀರುವಿನಲ್ಲಿ ಇಟ್ಟುಬಿಡುವವರೇ ಹೆಚ್ಚು. ಒಮ್ಮೆ ಬಿಡುವು ಮಾಡಿಕೊಂಡು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ಬೋಧನಾ ಶುಲ್ಕ, ಪ್ರಯೋಗಾಲಯ ಶುಲ್ಕ, ವಾಚನಾಲಯ ಶುಲ್ಕ, ಕ್ರೀಡಾ ಶುಲ್ಕ, ರೆಡ್‌ಕ್ರಾಸ್, ವಿದ್ಯಾರ್ಥಿ ಕ್ಷೇಮನಿಧಿ, ಅಧ್ಯಾಪಕರ ಕ್ಷೇಮನಿಧಿ, ಗುರುತಿನ ಚೀಟಿ... ಪಟ್ಟಿ ಉದ್ದವಾಗಿದೆ. ಒಂದೊಂದೂ ಸಣ್ಣ ಮೊತ್ತವೇ. ಆದರೆ ಸಾವಿರಾರು ವಿದ್ಯಾರ್ಥಿಗಳಿಂದ ಕೂಡಿದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಮಳೆಗೆ ಮಾತ್ರ ಹೇಳಿದ ಮಾತಲ್ಲ.

ಈ ಪಟ್ಟಿಗೆ ಇನ್ನೊಂದು ಸಾಲನ್ನು ವಿದ್ಯಾರ್ಥಿಗಳೇ ಸೇರಿಸಿಕೊಂಡರೆ ಹೇಗೆ? 'ನಮ್ಮ ಆವರಣದ ವಿದ್ಯುತ್ತು, ನೀರು, ಕಸ ಇವುಗಳನ್ನು ಸರಿಪಡಿಸಲು ನಾವೇ ವರ್ಷಕ್ಕೆ ಇಷ್ಟು ಕೊಡುತ್ತೇವೆ, ಅದನ್ನು ಹೇಗೆ ಖರ್ಚು ಮಾಡಬೇಕೆಂದು ನಾವೇ ತೀರ್ಮಾನಿಸುತ್ತೇವೆ' ಎಂದು ಅವರು ಹೇಳಿದರೆ? ಕೇಳಲು ವಿಚಿತ್ರವೆನಿಸಬಹುದು. ಆದರೆ ಇದು ಕಲ್ಪನೆಯ ಮಾತಲ್ಲ. ಅಮೆರಿಕದ ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2007ರಲ್ಲಿ ಮತದಾನ ನಡೆಸಿ, ಪ್ರತಿ ಸೆಮಿಸ್ಟರಿಗೆ ತಲಾ 5 ಡಾಲರಿನ ಹಸಿರು ಶುಲ್ಕವನ್ನು ತಮ್ಮ ಮೇಲೆ ತಾವೇ ಹೇರಿಕೊಂಡರು. ಆ ಹಣದಿಂದ ಬಾಟಲಿಗೆ ಕುಡಿಯುವ ನೀರು ತುಂಬಿಸಿಕೊಳ್ಳುವ ನಲ್ಲಿಗಳು, ಗೊಬ್ಬರದ ವ್ಯವಸ್ಥೆ, ವಿದ್ಯುತ್ ಉಳಿತಾಯದ ಕೆಲಸಗಳು ಆಗಿವೆ. ಯಾವ ಯೋಜನೆಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳದೇ ಬಹುಮತ.

'ಅವರು ಡಾಲರಿನವರು, ಅವರಿಗೇನು!' ಎಂದು ಮೂಗು ಮುರಿಯುವ ಮೊದಲು, ಈ ವಿಚಾರವನ್ನು ನಮ್ಮ ದಂಡು ಪ್ರದೇಶದ, ಹಲಸೂರಿನ, ಇಂದಿರಾನಗರದ, ಕೆ.ಆರ್. ಪುರದ ಕಾಲೇಜುಗಳ ಅಂಗಳದಲ್ಲಿ ನಿಲ್ಲಿಸಿ ಲೆಕ್ಕ ಹಾಕಿ ನೋಡೋಣ.

ಸುಸ್ಥಿರ ಎಂದರೇನು?

ಮೊದಲು ಪದದ ಅರ್ಥ ತಿಳಿಯೋಣ. ಇತ್ತೀಚೆಗೆ ಎಲ್ಲೆಲ್ಲೂ ಕೇಳಿಬರುವ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಬಳಕೆಗೆ ಬಂದದ್ದು ಮುಖ್ಯವಾಗಿ 1987ರಲ್ಲಿ. ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು ಆ ವರ್ಷ ತನ್ನ ವರದಿಯನ್ನು ನೀಡಿತು. ಅದರ ತಿರುಳು ಇಷ್ಟೆ: ಇಂದಿನವರ ಅಗತ್ಯ ಪೂರೈಸಬೇಕು, ಆದರೆ ನಾಳಿನವರ ಅಗತ್ಯಕ್ಕೆ ಕೊಡಲಿ ಬೀಳಬಾರದು. ನಮ್ಮ ಅಜ್ಜಂದಿರಿಗೆ ಈ ಪದ ಗೊತ್ತಿರಲಿಲ್ಲ, ಆದರೆ ಬಿತ್ತನೆಯ ಬೀಜವನ್ನು ಹಸಿವಾದಾಗಲೂ ತಿನ್ನಬಾರದೆಂಬ ವಿಷಯ ಗೊತ್ತಿತ್ತು. ಎರಡೂ ಒಂದೇ.

ಕಾಲೇಜಿನ ಆವರಣ ಒಂದು ಪುಟ್ಟ ಊರು. ಅಲ್ಲಿ ವಿದ್ಯುತ್ತು ಉರಿಯುತ್ತದೆ, ನೀರು ಹರಿಯುತ್ತದೆ, ಕ್ಯಾಂಟೀನಿನಲ್ಲಿ ಅಡುಗೆ ಬೇಯುತ್ತದೆ, ಕಸ ರಾಶಿ ಬೀಳುತ್ತದೆ. ಊರಿನ ಸಮಸ್ಯೆಗಳೆಲ್ಲ ಕಾಂಪೌಂಡಿನೊಳಗೇ ಸಣ್ಣ ಪ್ರಮಾಣದಲ್ಲಿ ಸಿಗುತ್ತವೆ. ಆದ್ದರಿಂದಲೇ ಅದು ಒಳ್ಳೆಯ ಪ್ರಯೋಗಶಾಲೆ.

50 ರೂಪಾಯಿಯ ಲೆಕ್ಕ

1,000 ವಿದ್ಯಾರ್ಥಿಗಳಿರುವ ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ತಲಾ 50 ರೂಪಾಯಿ, ಅದೂ ವರ್ಷಕ್ಕೊಮ್ಮೆ. ಇಂದಿರಾನಗರದ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದ ಹಣ. ಒಟ್ಟು ಕೂಡಿದ್ದು 50,000 ರೂಪಾಯಿ. ಇದನ್ನು ಯಾವುದಕ್ಕೆ ಹಾಕಬೇಕು?

ಹೆಚ್ಚಿನವರಿಗೆ ಥಟ್ಟನೆ ಹೊಳೆಯುವುದು ಗಿಡ ನೆಡುವುದು ಅಥವಾ ಚಾವಣಿಯ ಮೇಲೆ ಸೌರಫಲಕ ಹಾಕುವುದು. ಎರಡೂ ಒಳ್ಳೆಯವೇ. ಆದರೆ ವಿಜ್ಞಾನದ ವಿದ್ಯಾರ್ಥಿ ಮೊದಲು ಅಳೆಯುತ್ತಾನೆ, ಆಮೇಲೆ ಖರ್ಚು ಮಾಡುತ್ತಾನೆ. ಹಾಗಾಗಿ ತಲೆಯ ಮೇಲೆಯೇ ಇರುವ ಎರಡು ವಸ್ತುಗಳನ್ನು ನೋಡೋಣ: ಫ್ಯಾನು ಮತ್ತು ಟ್ಯೂಬ್‌ಲೈಟು.

ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ಈಗ ಬರುತ್ತಿರುವ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವಾಟ್ ಸಾಕು. ಹಳೆಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕಾಂತಶಕ್ತಿ ಬರಬೇಕಾದರೆ ಅದರೊಳಗೂ ವಿದ್ಯುತ್ತು ಪ್ರೇರಿತವಾಗಬೇಕು. ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಹೊಸದರಲ್ಲಿ ಆ ಜಾಗದಲ್ಲಿ ಶಾಶ್ವತ ಆಯಸ್ಕಾಂತವಿದೆ. ಆ ನಷ್ಟ ಅಲ್ಲಿಲ್ಲ. ಉಳಿತಾಯ 45 ವಾಟ್. ದಿನಕ್ಕೆ 7 ಗಂಟೆಯಂತೆ ವರ್ಷಕ್ಕೆ 200 ದಿನ ತರಗತಿ ನಡೆದರೆ 1,400 ಗಂಟೆ. 45 ವಾಟನ್ನು 1,400 ಗಂಟೆಯಿಂದ ಗುಣಿಸಿದರೆ 63 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ ಉಳಿಯುವುದು 504 ರೂಪಾಯಿ. ಹೊಸ ಫ್ಯಾನಿನ ಬೆಲೆ ಸುಮಾರು 2,800 ರೂಪಾಯಿ ಎಂದುಕೊಳ್ಳೋಣ. ಹಾಕಿದ ಹಣ ಮರಳಲು ಐದೂವರೆ ವರ್ಷ ಬೇಕು.

ಈಗ ಟ್ಯೂಬ್‌ಲೈಟಿಗೆ ಬನ್ನಿ. ಹಳೆಯ 40 ವಾಟಿನ ಟ್ಯೂಬು ತನ್ನ ಚೋಕನ್ನೂ ಸೇರಿಸಿಕೊಂಡು ಸುಮಾರು 52 ವಾಟ್ ತಿನ್ನುತ್ತದೆ. ಅಷ್ಟೇ ಬೆಳಕನ್ನು 20 ವಾಟಿನ ಎಲ್‌ಇಡಿ ಟ್ಯೂಬು ಕೊಡುತ್ತದೆ. ಉಳಿತಾಯ 32 ವಾಟ್. ಅದೇ 1,400 ಗಂಟೆಗೆ 44.8 ಯೂನಿಟ್, ಅಂದರೆ ಸುಮಾರು 358 ರೂಪಾಯಿ. ಆದರೆ ಎಲ್‌ಇಡಿ ಟ್ಯೂಬಿನ ಬೆಲೆ ಸುಮಾರು 250 ರೂಪಾಯಿ ಮಾತ್ರ. ಹಾಕಿದ ಹಣ ಒಂದು ವರ್ಷದೊಳಗೇ ವಾಪಸು!

ಹಾಗಾಗಿ ಹಳೆಯ ಟ್ಯೂಬುಗಳು ಇನ್ನೂ ಉಳಿದಿರುವ ಕಾಲೇಜಿನಲ್ಲಿ ಮೊದಲ ವರ್ಷದ 50,000 ರೂಪಾಯಿಯನ್ನು ಟ್ಯೂಬುಗಳಿಗೇ ಹಾಕಬೇಕು. 200 ಟ್ಯೂಬು ಬರುತ್ತವೆ. ವರ್ಷಕ್ಕೆ 8,960 ಯೂನಿಟ್ ಉಳಿಯುತ್ತದೆ. ಹಣದಲ್ಲಿ 71,680 ರೂಪಾಯಿ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರಂತೆ 6 ಟನ್ನಿಗೂ ಹೆಚ್ಚು ಹೊಗೆ ತಪ್ಪಿದಂತಾಯಿತು.

ಫ್ಯಾನುಗಳ ಸರದಿ ಆಮೇಲೆ. ಅದರಲ್ಲೂ ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಬಿಚ್ಚಿ ಗುಜರಿಗೆ ಹಾಕುವುದು ಜಾಣತನವಲ್ಲ. ಕಾಯಿಲ್ ಸುಟ್ಟು ವೈಂಡಿಂಗ್ ಅಂಗಡಿಗೆ ಹೋಗಬೇಕಾದ ಫ್ಯಾನಿನ ಬದಲಿಗೆ ಮಾತ್ರ ಹೊಸತನ್ನು ತಂದರೆ, ರಿಪೇರಿಯ ಖರ್ಚೂ ಉಳಿದು ಹೊಸದರ ಭಾರ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ದಂಡು ಪ್ರದೇಶದ ಹಳೆಯ ಕಟ್ಟಡಗಳಲ್ಲಿ ಎತ್ತರದ ಕಿಟಕಿಗಳಿರುತ್ತವೆ. ಅಲ್ಲಿ ಹಗಲು ದೀಪವೇ ಬೇಡ. ದಿನಕ್ಕೆ ಎರಡು ಗಂಟೆ ಮಾತ್ರ ಉರಿಯುವ ಟ್ಯೂಬನ್ನು ಬದಲಿಸಿದರೆ ಹಣ ಮರಳಲು ಎರಡೂವರೆ ವರ್ಷ ಹಿಡಿಯುತ್ತದೆ. ಬೆಳಕಿಲ್ಲದ ಕಾರಿಡಾರು, ಪ್ರಯೋಗಾಲಯ, ವಾಚನಾಲಯ ಮೊದಲು. ಕಿಟಕಿಯ ಪಕ್ಕದ ತರಗತಿ ಕೊನೆಗೆ. ಎಲ್ಲಕ್ಕಿಂತ ಅಗ್ಗದ ಉಪಕರಣವೆಂದರೆ ಸ್ವಿಚ್ಚು. ಅದಕ್ಕೆ ನಿಧಿ ಬೇಕಿಲ್ಲ, ಕೈ ಬೇಕು.

ಉಳಿದ ಹಣ ಯಾರದು?

ಈಗ ಬಂದಿತು ನೋಡಿ ಮುಖ್ಯ ಪ್ರಶ್ನೆ. ಉಳಿದ 71,680 ರೂಪಾಯಿ ಎಲ್ಲಿಗೆ ಹೋಯಿತು? ಕರೆಂಟ್ ಬಿಲ್ಲು ಕಟ್ಟುವವರು ಆಡಳಿತ ಮಂಡಳಿಯವರು. ಬಿಲ್ಲು ಇಳಿಯಿತು, ಉಳಿತಾಯ ಅವರ ಲೆಕ್ಕಕ್ಕೆ ಸೇರಿತು. ಮಕ್ಕಳು ಕೊಟ್ಟ 50,000 ಖರ್ಚಾಗಿ ಹೋಯಿತು. ಮುಂದಿನ ವರ್ಷ ಮತ್ತೆ ಮಕ್ಕಳ ಮುಂದೆ ಕೈಚಾಚಬೇಕು. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿದ್ದು. ಹೀಗೆ ನಡೆದರೆ ಅದಕ್ಕೆ ಪರಿಸರ ಯೋಜನೆ ಎನ್ನುವುದಕ್ಕಿಂತ, ಆಡಳಿತ ಮಂಡಳಿಗೆ ವಿದ್ಯಾರ್ಥಿಗಳು ಕೊಟ್ಟ ದಾನ ಎನ್ನುವುದೇ ಸರಿ.

ಇದಕ್ಕೆ ಪರಿಹಾರ ಸರಳವಾಗಿದೆ. ಉಳಿತಾಯದ ಹಣ ನಿಧಿಗೆ ಮರಳಬೇಕು. ಇದನ್ನು ಆವರ್ತ ನಿಧಿ ಎನ್ನುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಥ ನಿಧಿಯಿಂದ ವಿಭಾಗಗಳಿಗೆ ಸಾಲ ಕೊಟ್ಟು, ವಿದ್ಯುತ್ತು ಮತ್ತು ನೀರಿನಲ್ಲಿ ಉಳಿದ ಹಣದಿಂದಲೇ ಅದನ್ನು ವಸೂಲು ಮಾಡುವ ಪದ್ಧತಿ ಬೆಳೆದಿದೆ. ನಮ್ಮ ಊಹೆಯ ಕಾಲೇಜಿನಲ್ಲೂ ಹಾಗೆ ಮಾಡಿದರೆ ಎರಡನೆಯ ವರ್ಷ ಹೊಸ 50,000ಕ್ಕೆ ಹಳೆಯ 71,680 ಸೇರಿ 1,21,680 ರೂಪಾಯಿ ಕೈಯಲ್ಲಿರುತ್ತದೆ. 43 ಫ್ಯಾನು ಕೊಳ್ಳಬಹುದು. ಕೆಲವು ವರ್ಷಗಳಲ್ಲಿ ವಿದ್ಯಾರ್ಥಿಗಳಿಂದ ಹಣ ಕೇಳುವ ಅಗತ್ಯವೇ ಬೀಳದೆ ನಿಧಿ ತನ್ನ ಕಾಲ ಮೇಲೆ ತಾನು ನಿಲ್ಲಬಹುದು. ಪೂರ್ತಿ ಉಳಿತಾಯ ಕೊಡಲು ಆಡಳಿತ ಮಂಡಳಿ ಒಪ್ಪದಿದ್ದರೆ ಅರ್ಧ ಕೊಡಲಿ. ಆದರೆ ಆ ಒಪ್ಪಂದ ಬಾಯಿಮಾತಿನಲ್ಲಿರದೆ ಕಾಗದದ ಮೇಲಿರಲಿ. ಇಷ್ಟು ಆಗುವ ಮೊದಲು ಒಂದು ರೂಪಾಯಿಯನ್ನೂ ಸಂಗ್ರಹಿಸಬಾರದು.

ಕಾನೂನಿನ ಕೆಲಸಕ್ಕೆ ಮಕ್ಕಳ ಹಣ ಬೇಡ

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯವಾದದ್ದು. ಮಳೆನೀರನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆಯಾಗುತ್ತದೆ. ಕಾಲೇಜಿನ ಚಾವಣಿ 500 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವ ನೀರು 4,85,000 ಲೀಟರ್. ಆವಿಯಾಗುವುದು, ಮೊದಲ ಮಳೆಯ ಕೊಳೆನೀರು ಇವನ್ನೆಲ್ಲ ಕಳೆದು ಶೇ. 80ರಷ್ಟು ಸಿಕ್ಕರೂ 3,88,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 64 ಲೋಡು! 2024ರ ಬೇಸಿಗೆಯಲ್ಲಿ ನೀರಿಗಾಗಿ ಬೆಂಗಳೂರು ಪರದಾಡಿದಾಗ, ಜಿಲ್ಲಾಡಳಿತವು 5 ಕಿ.ಮೀ. ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ದರ ಗೊತ್ತುಪಡಿಸಿತ್ತು. ಆ ದರದಲ್ಲೇ ಲೆಕ್ಕ ಹಾಕಿದರೂ 38,400 ರೂಪಾಯಿಯ ನೀರು ಚಾವಣಿಯಿಂದ ಚರಂಡಿಗೆ ಹೋಗುತ್ತಿದೆ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. ಕಾವೇರಿಯ ನೀರು ನಮ್ಮ ನಲ್ಲಿಗೆ ಬರುವುದು ಸುಮಾರು 100 ಕಿ.ಮೀ. ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪು ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. 1,000 ಲೀಟರ್ ಎಂದರೆ 1,000 ಕೆ.ಜಿ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳನ್ನು ಗುಣಿಸಿ: 1,000 x 9.8 x 500 = 49 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ತಿಗೆ 36 ಲಕ್ಷ ಜೂಲ್. ಅಂದರೆ 1.36 ಯೂನಿಟ್. ಪಂಪಿನ ದಕ್ಷತೆ ಶೇ. 70 ಎಂದು ಹಿಡಿದರೆ ಸುಮಾರು 2 ಯೂನಿಟ್. ಸಾವಿರ ಲೀಟರ್ ಕಾವೇರಿ ನೀರಿನೊಂದಿಗೆ 2 ಯೂನಿಟ್ ವಿದ್ಯುತ್ತೂ ಅಡಗಿ ಕುಳಿತು ಬರುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೂ ಮಾಡಬರುವ ಲೆಕ್ಕವಿದು. ನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಿದವನು ವಿದ್ಯುತ್ತನ್ನೂ ಉಳಿಸಿದ ಎಂಬುದು ಹೀಗೆ ಅರ್ಥವಾದರೆ ಮರೆಯುವುದಿಲ್ಲ.

ಹಾಗಾದರೆ ವಿದ್ಯಾರ್ಥಿಗಳ ನಿಧಿಯಿಂದ ಮಳೆನೀರು ಸಂಗ್ರಹಕ್ಕೆ ಹಣ ಹಾಕೋಣವೇ? ಬೇಡ. ಏಕೆಂದರೆ ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯ ಪ್ರಕಾರ 2,400 ಚದರ ಅಡಿ ಹಾಗೂ ಅದಕ್ಕೂ ದೊಡ್ಡ ನಿವೇಶನಗಳಲ್ಲಿರುವ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಕಾಲೇಜಿನ ಆವರಣ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಂದಮೇಲೆ ಅದು ಆಡಳಿತ ಮಂಡಳಿಯ ಕರ್ತವ್ಯ. ಕಾನೂನು ಹೇಳಿದ ಕೆಲಸವನ್ನು ಮಕ್ಕಳ ಹಣದಿಂದ ಮಾಡಿಸಿಕೊಂಡು, ಮೇಲೆ ಹಸಿರು ಬಣ್ಣದ ಫಲಕ ತೂಗುಹಾಕಬಾರದು. ಅಂಥ ಕಡೆ ವಿದ್ಯಾರ್ಥಿಗಳು ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಸರ್, ನಮ್ಮ ಕಾಲೇಜಿನ ಇಂಗುಗುಂಡಿ ಎಲ್ಲಿದೆ? ತೋರಿಸುತ್ತೀರಾ?'

ಕಸದ ಮಾತೂ ಹೀಗೆಯೇ. ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಮುಂದೆ ಹೋಗಿ ಬೂದಿಗೆರೆಯ ಕಡೆ ತಿರುಗಿದರೆ ಮಂಡೂರು ಎಂಬ ಊರಿದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಅಲ್ಲಿ ಗುಡ್ಡವಾಗಿ ಬಿತ್ತು. ವಾಸನೆ, ನೊಣ, ಹೊಲಸಾದ ನೀರು ಇವನ್ನು ತಾಳಲಾರದೆ ಊರಿನವರು ರಸ್ತೆಗಿಳಿದರು. 2014ರ ಡಿಸೆಂಬರಿನಿಂದ ಅಲ್ಲಿಗೆ ಕಸ ಒಯ್ಯುವುದು ನಿಂತಿತು. ನಾವು ತಟ್ಟೆಯಲ್ಲಿ ಬಿಟ್ಟ ಅನ್ನ, ಸಾಂಬಾರು ಇನ್ನೊಬ್ಬರ ಊರಿನ ಬಾವಿಯನ್ನು ಕೆಡಿಸಬಲ್ಲದು ಎಂಬುದಕ್ಕೆ ನಮ್ಮ ಪೂರ್ವ ಭಾಗದಲ್ಲೇ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ ಸರಾಸರಿ 100 ಕೆ.ಜಿ.ಗೂ ಹೆಚ್ಚು ಕಸ ಹೊರಡುವ ಸಂಸ್ಥೆಗಳ ಮೇಲೆ ವಿಶೇಷ ಹೊಣೆ ಹೊರಿಸಿದವು. ದೊಡ್ಡ ಕ್ಯಾಂಟೀನು, ಹಾಸ್ಟೆಲು ಇರುವ ಕಾಲೇಜುಗಳ ಹಸಿ ಕಸ ಆಡಳಿತದ ಹೊಣೆಯೇ. ಹೊಸೂರು ರಸ್ತೆಯ ಕ್ರೈಸ್ಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಸ ಬೇರ್ಪಡಿಸಿ ಹಳೆಯ ಕಾಗದವನ್ನು ಮರುಬಳಕೆ ಮಾಡುವ ಘಟಕವೇ ಇದೆ. ಮನಸ್ಸಿದ್ದರೆ ಸಂಸ್ಥೆಗಳಿಂದ ಆಗುವ ಕೆಲಸವಿದು.

ಆದರೆ ದಿನಕ್ಕೆ ಹತ್ತಿಪ್ಪತ್ತು ಕೆ.ಜಿ. ಹಸಿ ಕಸ ಬರುವ ಸಣ್ಣ ಕಾಲೇಜಿನಲ್ಲಿ ವಿದ್ಯಾರ್ಥಿಗಳ ನಿಧಿಗೆ ಕೆಲಸವಿದೆ. ದಂಡಿನ ರಸ್ತೆಗಳ ಮಳೆಮರ, ಗುಲ್‌ಮೊಹರ್, ಹೊಂಗೆ ಇವುಗಳ ಒಣ ಎಲೆ ಧಾರಾಳವಾಗಿ ಸಿಗುತ್ತದೆ. ಅಡುಗೆ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಇಂಗಾಲ 30 ಪಾಲು, ಸಾರಜನಕ 1 ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಹಸಿ ಕಸ ಒಂದು ಬುಟ್ಟಿಗೆ ಒಣ ಎಲೆ ಒಂದೆರಡು ಬುಟ್ಟಿ ಹಾಕಿ, ಗಾಳಿಯಾಡುವಂತೆ ಆಗಾಗ ತಿರುವಿ ಹಾಕಿದರೆ ವಾಸನೆ ಬರುವುದಿಲ್ಲ. ವಾಸನೆ ಬಂದಿತೆಂದರೆ ಒಳಗೆ ಗಾಳಿ ಸಾಲದು ಎಂದೇ ಅರ್ಥ. ತಂತಿಬಲೆಯ ಒಂದೆರಡು ತೊಟ್ಟಿ ಸಾಕು. ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ.

ಬಡ ವಿದ್ಯಾರ್ಥಿಯ ಮಾತು

ಇಷ್ಟು ಓದಿದ ಪಾಲಕರೊಬ್ಬರು ಕೇಳಬಹುದು: 'ಮೇಷ್ಟ್ರೇ, ಈಗಿರುವ ಶುಲ್ಕವನ್ನೇ ಕಂತಿನಲ್ಲಿ ಕಟ್ಟುತ್ತಿದ್ದೇವೆ. ಇನ್ನೊಂದು ಬೇರೆ ಬೇಕೆ?' ನ್ಯಾಯವಾದ ಪ್ರಶ್ನೆ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ದುಡಿಯುವವರ ಮಕ್ಕಳೂ ಇಂದಿರಾನಗರದ ಸ್ವಂತ ಮನೆಯವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಒಬ್ಬರಿಗೆ 50 ರೂಪಾಯಿ ಲೆಕ್ಕಕ್ಕಿಲ್ಲ, ಇನ್ನೊಬ್ಬರಿಗೆ ಅದು ಎರಡು ದಿನದ ಬಸ್ಸಿನ ಖರ್ಚು.

ಆದ್ದರಿಂದ ಇದು ಎಂದೂ ಕಡ್ಡಾಯವಾಗಬಾರದು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ತರಗತಿಯಲ್ಲಿ ತಿಳಿಯಲೂಬಾರದು. ನಮ್ಮ ರಾಜ್ಯದಲ್ಲಿ ಡೊನೇಷನ್ ಹಾವಳಿ ತಡೆಯಲೆಂದೇ 1984ರಲ್ಲಿ ಕಾಯ್ದೆ ಬಂದಿದೆ. ಒಳ್ಳೆಯ ಹೆಸರಿಟ್ಟುಕೊಂಡು ಅದೇ ವಸೂಲಿ ಹಿಂಬಾಗಿಲಿನಿಂದ ಬರಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಮತಹಾಕಿ ಹೇರಿಕೊಂಡ ಶುಲ್ಕದಲ್ಲೂ ಒಂದು ಪಾಲನ್ನು ಬಡ ವಿದ್ಯಾರ್ಥಿಗಳ ನೆರವಿಗೆ ತೆಗೆದಿಡುವ ಪದ್ಧತಿಯಿದೆ. ಇನ್ನು ಶಾಲೆಗಳಲ್ಲಂತೂ ಮಕ್ಕಳಿಂದ ಹಣ ಎತ್ತುವ ಮಾತೇ ಬೇಡ. 2001-02ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್ಬುಗಳಂಥ ವ್ಯವಸ್ಥೆ ಶಾಲೆಗಳಿಗಿದೆ. ಅಲ್ಲಿ ಅಳೆಯುವುದನ್ನು ಕಲಿಸೋಣ, ಅಷ್ಟು ಸಾಕು.

'ಹಣ ಕೊಡಲಾಗದವರು ಕೆಲಸ ಮಾಡಲಿ' ಎಂದು ಕೆಲವರು ಸಲಹೆ ಕೊಡುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಅಪಾಯವಿದೆ. ಉಳ್ಳವರು ನೋಟು ಕೊಟ್ಟು ಹೋಗುತ್ತಾರೆ, ಇಲ್ಲದವರು ಎಲೆ ಗುಡಿಸುತ್ತಾರೆ. ಅದು ಹೊರಗಿನ ಸಮಾಜದ ಹಳೆಯ ರೋಗವನ್ನೇ ಕಾಲೇಜಿಗೆ ತಂದಂತೆ. ಕೆಲಸ ಎಲ್ಲರಿಗೂ ಸರದಿಯಂತೆ ಬರಲಿ. ಹಣ ಮಾತ್ರ ಅನುಕೂಲವಿದ್ದವರಿಂದ ಬರಲಿ. ಮತಹಾಕುವ ಹಕ್ಕು ಹಣ ಕೊಟ್ಟವರಿಗೂ ಕೊಡದವರಿಗೂ ಸಮಾನವಾಗಿರಲಿ.

ತೀರ್ಮಾನ ಯಾರದು?

ಮತದಾನದ ಮಾತು ಬಂತು. ಬರ್ಕಲಿಯ ಕತೆಯಲ್ಲಿ ನಮಗೂ ಅವರಿಗೂ ಇರುವ ನಿಜವಾದ ಅಂತರ ಡಾಲರಿನಲ್ಲಿಲ್ಲ, ಇಲ್ಲಿದೆ. ಅಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿ ಶುಲ್ಕ ಬಂತು. ನಮ್ಮಲ್ಲಿ ಶುಲ್ಕ ಬಂದ ಮೇಲೆ ವಿದ್ಯಾರ್ಥಿಗಳಿಗೆ ತಿಳಿಯುತ್ತದೆ. ಗಲಾಟೆ, ಹೊಡೆದಾಟಗಳ ಕಾರಣಕ್ಕೆ 1989-90ರ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಗಲಾಟೆಯೇನೋ ಕಡಿಮೆಯಾಯಿತು. ಜೊತೆಗೆ ಹಣದ ಲೆಕ್ಕ ಕೇಳುವ, ಲೆಕ್ಕ ಒಪ್ಪಿಸುವ ಅಭ್ಯಾಸವೂ ಕಡಿಮೆಯಾಯಿತು. 18 ತುಂಬಿದವರು ವಿಧಾನಸಭೆಗೆ ಮತ ಹಾಕಬಹುದು, ಆದರೆ ತಮ್ಮ ಕಾರಿಡಾರಿನ ದೀಪದ ಬಗ್ಗೆ ಮಾತಾಡುವಂತಿಲ್ಲ ಎಂದರೆ ನಗು ಬರುವುದಿಲ್ಲವೇ?

ನ್ಯಾಕ್ ತಂಡ ಬರುವ ವಾರ ಕಾಲೇಜುಗಳಲ್ಲಿ ಕುಂಡದ ಗಿಡಗಳು ಸಾಲಾಗಿ ನಿಲ್ಲುವುದನ್ನು ಎಲ್ಲರೂ ಬಲ್ಲರು. ಮೌಲ್ಯಮಾಪನದಲ್ಲಿ ಪರಿಸರಕ್ಕೂ ಅಂಕಗಳಿವೆ. ತಂಡ ಹೋದ ಮೇಲೆ ಕುಂಡಗಳು ಒಣಗುತ್ತವೆ. ಇದನ್ನು ತಡೆಯಬಲ್ಲವರು ಪ್ರತಿದಿನ ಅಲ್ಲಿಗೆ ಬರುವವರು, ಅಂದರೆ ವಿದ್ಯಾರ್ಥಿಗಳು. ತಮ್ಮದೆಂಬ ಹಣ, ತಮ್ಮದೆಂಬ ಮತ ಅದರಲ್ಲಿದ್ದರೆ ಮಾತ್ರ ಅವರು ಅದನ್ನು ಕಾಯುತ್ತಾರೆ.

ಕರ್ನಾಟಕಕ್ಕೆ ಇಂಥದ್ದು ಪೂರ್ತಿ ಹೊಸದೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಅದು ಸರ್ಕಾರದ ಹಣ. ಆದರೆ ವಿದ್ಯಾರ್ಥಿಯ ತಲೆಯನ್ನು ನಂಬಿ ಹಣ ಕೊಡಬಹುದು ಎಂಬುದನ್ನು ಅದು ತೋರಿಸಿದೆ. ವಿದ್ಯೆಗಾಗಿ ಹಣ ಕೂಡಿಸುವ ಪರಂಪರೆಯೂ ನಮ್ಮದೇ. ಅಠಾರಾ ಕಚೇರಿ ಕಟ್ಟಿದ ಗುತ್ತಿಗೆದಾರ, ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಈ ದಂಡು ಪ್ರದೇಶದಲ್ಲೇ ಬಡ ಮಕ್ಕಳಿಗಾಗಿ ಶಾಲೆ ತೆರೆದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ತಮ್ಮ ಗಳಿಕೆಯನ್ನು ಸುರಿದು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಹಿಂದಿನವರು ನಾಳಿನ ಮಕ್ಕಳಿಗೆಂದು ಕೊಟ್ಟರು. ಇಂದಿನ ಮಕ್ಕಳು ತಮ್ಮ ನಂತರದ ತಂಡಕ್ಕೆಂದು ಕೊಡುವುದಾದರೆ ಅದು ಅದೇ ದಾರಿಯ ಮುಂದುವರಿಕೆ.

ಆರಂಭಿಸಬೇಕೆನ್ನುವವರಿಗೆ ನಾಲ್ಕು ನಿಯಮ ಸಾಕು. ಹಣ ಸ್ವಯಂಪ್ರೇರಿತವಾಗಿರಲಿ. ಸಮಿತಿಯಲ್ಲಿ ವಿದ್ಯಾರ್ಥಿಗಳು ಹೆಚ್ಚಿರಲಿ, ಒಬ್ಬ ಅಧ್ಯಾಪಕರೂ ಒಬ್ಬ ಎಲೆಕ್ಟ್ರಿಷಿಯನ್ನರೂ ಇರಲಿ. ಕಾನೂನು ಆಡಳಿತಕ್ಕೆ ಒಪ್ಪಿಸಿದ ಕೆಲಸಕ್ಕೆ ಈ ಹಣ ಹೋಗದಿರಲಿ, ಉಳಿತಾಯದ ಪಾಲು ನಿಧಿಗೆ ಮರಳಲಿ. ಪ್ರತಿ ತಿಂಗಳ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣಲಿ. ಇವುಗಳಲ್ಲಿ ಒಂದು ತಪ್ಪಿದರೂ ಅಂಥ ನಿಧಿಗೆ ನಿಮ್ಮ 50 ರೂಪಾಯಿ ಕೊಡಬೇಡಿ ಎಂದೇ ನಾನು ಹೇಳುತ್ತೇನೆ.

ಹಣ ಕೂಡಿಸುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡವೆನ್ನುವಷ್ಟು ಸುಲಭ. ಆದರೂ ಆಫೀಸಿನಲ್ಲಿ ಕೇಳಿಯೇ ಮಾಡಿ, ಯಾವುದನ್ನೂ ಮುಟ್ಟಬೇಡಿ. ಶನಿವಾರ ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಕಾಲೇಜಿನ ಕರೆಂಟ್ ಮೀಟರಿನ ಅಂಕಿಯನ್ನು ಬರೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮತ್ತೆ ಬರೆದುಕೊಳ್ಳಿ. ದೊಡ್ಡ ಮೀಟರಿನ ಮೇಲೆ ಗುಣಕದ ಅಂಕಿಯಿದ್ದರೆ ಬಂದ ವ್ಯತ್ಯಾಸವನ್ನು ಅದರಿಂದ ಗುಣಿಸಿ. ಯಾರೂ ಇಲ್ಲದ ಕಾಲೇಜು ಎಷ್ಟು ವಿದ್ಯುತ್ತು ಉಂಡಿತು ಎಂಬುದು ಗೊತ್ತಾಗುತ್ತದೆ. ಕಾವಲಿನ ದೀಪ, ಪ್ರಯೋಗಾಲಯದ ಫ್ರಿಜ್ಜು ಇವುಗಳ ಪಾಲನ್ನು ಕಳೆಯಿರಿ. ಉಳಿದದ್ದು ಎಲ್ಲಿಗೆ ಹೋಯಿತೆಂದು ಹುಡುಕಲು ಹೊರಡಿ. ಹುಡುಕುತ್ತ ಹೋದಂತೆ ನಿಮ್ಮ ಮೊದಲ ಯೋಜನೆ ಯಾವುದೆಂದು ಆ ಅಂಕಿಯೇ ಹೇಳುತ್ತದೆ.